ಅನುಬಂಧ

ಉಪ್ಪಳದ ರೈಲ್ವೆ ಗೇಟಿನ ಪಕ್ಕ, ಮಹಡಿ ಮೇಲೆ,
ಮೂಸಕುಂಞಿಯ ಡಿಸ್ಕಿನ ಅಂಗಡಿ.
ಶಾರ್ಜಾದಿಂದ ಅವನ ಭಾವ ತಂದ ಪೆಟ್ಟಿಗೆಯಲ್ಲಿ
ಒಂದು ಹಳೇ ಕಾರ್ಟೂನು ಸಿನಿಮಾ, ನೀರುನಾಯಿಯದು,
ಒಳಗೆ ಎರಡು ಡಿಸ್ಕು.
ಮೊದಲನೆಯದು ಊರೆಲ್ಲ ತಿರುಗಿ
ಬಂಗುಡೆ ಸಾರಿನ ಬೆರಳಚ್ಚು ಹೊತ್ತು ಬರುತ್ತಿತ್ತು.
ಎರಡನೆಯದು ಹೋದ ಹಾಗೇ ಬರುತ್ತಿತ್ತು,
ಮುಖ ನೋಡಿ ಬೈತಲೆ ತೆಗೆಯಬಹುದು, ಅಷ್ಟು ಲಕಲಕ.

"ಅದಕ್ಕೆ ಬಾಡಿಗೆ ಬೇಡ ಮಾರಾಯ್ತಿ, ಅದರಲ್ಲಿ ಕಥೆ ಇಲ್ಲ,"
ಎಂದು ನನಗೆ ಪುಕ್ಕಟೆ ಕೊಟ್ಟ.

ಕಥೆ ಇರಲಿಲ್ಲ, ನಿಜ.
ಬಿಳಿ ಕಾಗದ ಇತ್ತು, ಕೆಳಗೆ ಮೂರು ತೂತು.
ಪೆನ್ಸಿಲಿನ ನೀರುನಾಯಿ, ಬಣ್ಣವಿಲ್ಲದ್ದು, ಹೊಳೆಯಿಲ್ಲದ್ದು,
ಬರೀ ಗಾಳಿಯಲ್ಲಿ ಈಜುತ್ತಿತ್ತು.
ಒಂದು ಗೆರೆಯ ಹಿಂದೆ ಬೇಡವಾದ ಏಳು ಗೆರೆ
ಒದ್ದೆ ರೋಮದ ಹಾಗೆ ನಡುಗುತ್ತಿದ್ದವು.
ಮೂಲೆಯಲ್ಲಿ ಯಾರದೋ ಹೆಬ್ಬೆಟ್ಟಿನ ಮಸಿ.
ಮತ್ತೆ ಒಬ್ಬ ಮುದುಕ, ಮೂಗಿನ ತುದಿಗೆ ಕನ್ನಡಕ,
ಏನೋ ಹೇಳುತ್ತಾನೆ. ಅಡಿಬರಹ ಅರಬಿಯಲ್ಲಿ ಉಂಟು, ಡಚ್ಚಿನಲ್ಲಿ ಉಂಟು.
ಕನ್ನಡದಲ್ಲಿ ಇರುತ್ತದೆಂದು ನಾನು ಎಣಿಸಿಯೂ ಇರಲಿಲ್ಲ.

ಡ್ರಾಯಿಂಗಿನ ಐತಪ್ಪ ಮಾಷ್ಟ್ರು ಬಂದು ನೋಡಿದರು,
ರಿಮೋಟು ಹಿಡಿದು, ಒಂದೊಂದೇ ಚಿತ್ರ ನಿಲ್ಲಿಸಿ,
ಕೋಳಿ ಅಂಕಕ್ಕೆ ಹೋಗುವವರು ಹುಂಜದ ಕಾಲು ನೋಡುವ ಹಾಗೆ.
"ಎಡಗಾಲು ಗಿಡ್ಡ ಆಗಿದೆ ಅಂತಿದ್ದಾನೆ ಮುದುಕ.
ಲೋಕವೆಲ್ಲ ನೋಡಿತಂತೆ, ಒಬ್ಬನಿಗೂ ಗೊತ್ತಾಗಲಿಲ್ಲವಂತೆ.
ಅವನಿಗೆ ಮಾತ್ರ ನಲ್ವತ್ತು ವರ್ಷ ನಿದ್ದೆಯಿಲ್ಲ."
ಮೆನುವಿನ ಇಂಗ್ಲಿಷಿಗೆ ಕನ್ನಡ ಎಂತದು ಎಂದು ಕೇಳಿದೆ.
ಸ್ವಲ್ಪ ಹೊತ್ತು ವೀಳ್ಯ ಅಗಿದು, "ಅನುಬಂಧ" ಎಂದರು.
ಮರುದಿನ ಕ್ಲಾಸಿನ ರಬ್ಬರುಗಳನ್ನೆಲ್ಲ ವಸೂಲು ಮಾಡಿ
ಡಬ್ಬಿಗೆ ಹಾಕಿದರು.

ತೆಗೆದುಹಾಕಿದ ದೃಶ್ಯ ಒಂದಿತ್ತು:
ನೀರುನಾಯಿ ದಡ ಹತ್ತಿ, ಒಮ್ಮೆ ಹಿಂದೆ ತಿರುಗುತ್ತದೆ.
ಮೂವತ್ತೆಂಟು ಸೆಕೆಂಡು. ಶಬ್ದವಿಲ್ಲ.
ಉದ್ದವಾಯಿತೆಂದು ಕತ್ತರಿಸಿದೆವು, ಇಷ್ಟೇ ಕಾರಣ.
ಮಾಷ್ಟ್ರು ನಕ್ಕರು:
"ನಮ್ಮನ್ನು ಆಚೆಗೆ ಹಾಕುವಾಗ ಇಷ್ಟೂ ಹೇಳಲಿಲ್ಲ ನೋಡು."
ನನಗೆ ಆಗ ಹನ್ನೊಂದು;
ಯಾರನ್ನು, ಯಾವ ಆಚೆಗೆ, ಕೇಳಲಿಲ್ಲ.

ಈಗ ಹೊಸ ಆವೃತ್ತಿ ಬಂದಿದೆ, ಚಿನ್ನದ ಅಕ್ಷರ,
ಅರವತ್ತರ ಸಂಭ್ರಮವಂತೆ.
ಚಿತ್ರ ತೊಳೆದಿದ್ದಾರೆ. ಅತಿಯಾಗಿ ತೊಳೆದಿದ್ದಾರೆ,
ಗೆರೆಯೂ ಹೋಗಿ ನೀರುನಾಯಿ ಸವೆದ ಸಾಬೂನಿನ ಹಾಗೆ ಕಾಣುತ್ತದೆ.
ಜತೆಗಿಟ್ಟದ್ದು: ಬಣ್ಣ ತುಂಬುವ ಆಟ ಒಂದು,
ಬೇರೆ ಮೂರು ಸಿನಿಮಾಗಳ ಜಾಹೀರಾತು,
ಮತ್ತೆ ಏಳು ನಿಮಿಷ, ನಟಿಯೊಬ್ಬಳು ಸೋಫಾದಲ್ಲಿ ಕೂತು
ಸಣ್ಣದಿರುವಾಗ ಅತ್ತಿದ್ದೆ ಅನ್ನುತ್ತಾಳೆ.
ಏಳು ನಿಮಿಷದಲ್ಲಿ ಒಂದೇ ಒಂದು ಪೆನ್ಸಿಲು ಕಾಣಲಿಲ್ಲ.
ಮುದುಕ ಇಲ್ಲ. ಅವನ ಗಿಡ್ಡ ಕಾಲನ್ನು ಸರಿಮಾಡಿದ್ದಾರೆ.
ಫೋನಿನಲ್ಲಿ ನೋಡುವವರಿಗೆ ಅದೂ ಇಲ್ಲ;
ಹೆಸರುಗಳ ಪಟ್ಟಿ ಮುಗಿಯುವ ಮೊದಲೇ
ಮುಂದಿನ ಸಿನಿಮಾ ಕುತ್ತಿಗೆ ಹಿಡಿಯುತ್ತದೆ.

ಬಂದ್ಯೋಡಿನಲ್ಲಿ ನನ್ನ ಟೈಪಿಂಗ್ ಅಂಗಡಿ.
ಸರಕಾರದ ಅರ್ಜಿ ಮಲಯಾಳದಲ್ಲಿ ಬರುತ್ತದೆ, ನುಣ್ಣಗೆ.
ಕನ್ನಡದ್ದು ಬಂದರೆ ಬಂತು, ಕೊನೆಗೆ, ಪಿನ್ನು ಹೊಡೆದು,
"ಅನುಬಂಧ ಎರಡು" ಎಂದು, ಒತ್ತಕ್ಷರ ಮುರಿದು.
ರಾತ್ರಿ ಕೂತು ಕೂಡಿಸುತ್ತೇನೆ.
ಬಂದವರು ಓದುವುದಿಲ್ಲ,
ಬೆರಳು ತೋರಿಸಿದ ಕಡೆ ಸಹಿ ಹಾಕಿ ಬಸ್ಸಿಗೆ ಓಡುತ್ತಾರೆ.

ಮೂಸಕುಂಞಿ ಈಗ ಅಲ್ಲೇ ಮೊಬೈಲಿಗೆ ಗ್ಲಾಸು ಅಂಟಿಸುತ್ತಾನೆ.
ಡಿಸ್ಕುಗಳನ್ನು ತೂಕಕ್ಕೆ ಹಾಕಿದ ದಿನ ಎರಡನೆಯದನ್ನು ನನಗೇ ಕೊಟ್ಟಿದ್ದ;
ಮೊದಲನೆಯದು ಎಲ್ಲಿಗೆ ಹೋಯಿತೋ.
ಉಪ್ಪುಗಾಳಿಗೆ ಅಂಚಿನಲ್ಲಿ ಚಹಾದ ಬಣ್ಣ ಹಿಡಿದಿದೆ.
ಮೂವತ್ತೆಂಟರಲ್ಲಿ ಇಪ್ಪತ್ತೊಂದನೇ ಸೆಕೆಂಡಿಗೆ ನಿಲ್ಲುತ್ತದೆ:
ಕುತ್ತಿಗೆ ಅರ್ಧ ತಿರುಗಿದೆ, ಕಣ್ಣು ಇನ್ನೂ ಬರೆದಾಗಿಲ್ಲ.
ಪ್ಲೇಯರಿನ ತಲೆಗೆ ಒಂದು ಕುಟ್ಟುತ್ತೇನೆ.
ಕೆಲವೊಮ್ಮೆ ಮುಂದೆ ಹೋಗುತ್ತದೆ.